ಹುಳದ ಮನೆಯ ಗಾಳಿ

ನಮ್ಮ ಅತ್ತೆ ಬೈಯುವುದನ್ನು ನೀವು ಒಮ್ಮೆ ಕೇಳಬೇಕು. ಬಚ್ಚಲಲ್ಲಿ ಶುರುವಾದ ಬೈಗುಳ ಹಿತ್ತಿಲು ದಾಟಿ, ನಡುಮನೆ ದಾಟಿ, ಬೀದಿ ಬಾಗಿಲಿಗೆ ಬಂದು ಎದುರು ಮನೆಯ ಜಗಲಿ ಮುಟ್ಟುವವರೆಗೆ ಅವರು ಉಸಿರು ತೆಗೆದುಕೊಳ್ಳುವುದಿಲ್ಲ. ಅದರಲ್ಲಿ ನನ್ನ ತವರು, ನಾನು ನೆನೆಹಾಕಲು ಮರೆತ ಹುರುಳಿ, ತಮ್ಮ ಮಗನ ಬೀಡಿ, ಎದುರು ಮನೆಯವರ ಮೆಣಸಿನಕಾಯಿ ಘಾಟು ಎಲ್ಲವೂ ಸಾಲಾಗಿ ಬರುತ್ತವೆ. ಮದುವೆಯಾಗಿ ಬಂದ ಹೊಸದರಲ್ಲಿ ನಾನು ಅಳುತ್ತಿದ್ದೆ. ಆಮೇಲೆ ನಾನೂ ಕಲಿತೆ. ಹೊಸೂರಿನ ಹತ್ತಿರ, ಬಾಗಲೂರು ಕಡೆಯ ನಮ್ಮ ಊರಿನಲ್ಲಿ ನಮ್ಮದು ಬೈಯುವವರ ಮನೆ ಎಂದೇ ಹೆಸರು. ನನಗೆ ಅದರಲ್ಲಿ ನಾಚಿಕೆಯೇನೂ ಇಲ್ಲ.

ಇಂಥ ಮನೆಯಲ್ಲಿ ಹುಟ್ಟಿದ ನನ್ನ ಮಗಳಿಗೆ ಒಂದು ಪೂರ್ತಿ ಮಾತು ಆಡುವಷ್ಟು ಉಸಿರಿರಲಿಲ್ಲ. "ಅಮ್ಮಾ" ಎನ್ನುತ್ತಿದ್ದಳು, ನಿಲ್ಲುತ್ತಿದ್ದಳು, ಎರಡೂ ಹೆಗಲು ಮೇಲೆತ್ತಿ ಗಾಳಿ ಎಳೆದುಕೊಳ್ಳುತ್ತಿದ್ದಳು, ಆಮೇಲೆ "ನೀರು" ಎನ್ನುತ್ತಿದ್ದಳು. "ಕೊಡು" ಎನ್ನುವ ಹೊತ್ತಿಗೆ ನಾನು ಲೋಟ ತಂದಾಗಿರುತ್ತಿತ್ತು. ಎದೆಯೊಳಗೆ ಯಾರೋ ಸೀಟಿ ಊದಿದ ಹಾಗೆ ಸದ್ದು. ಹಳಬರು ಅದನ್ನು ಉಬ್ಬಸ ಎನ್ನುತ್ತಾರೆ. ಹೊಸೂರಿನ ಆಸ್ಪತ್ರೆಗಳಲ್ಲಿ ತಮಿಳರು, ತೆಲುಗರು, ನಾವು, ಎಲ್ಲರೂ ವೀಸಿಂಗ್ ಎನ್ನುತ್ತೇವೆ. ಅಲ್ಲಿ ಮೂಗಿಗೆ ಮಾಸ್ಕ್ ಇಟ್ಟು ಮಂಜಿನ ಹಾಗೆ ಮದ್ದು ಬಿಡುತ್ತಿದ್ದರು, ಮಗು ಅರಳುತ್ತಿತ್ತು, ನಾವು ಬಸ್ಸು ಹತ್ತಿ ವಾಪಸು ಬರುತ್ತಿದ್ದೆವು. ಕೆಲವು ದಿನ ಕಳೆದರೆ ಮತ್ತೆ ಅದೇ ಸೀಟಿ. ಎರಡನೇ ಕ್ಲಾಸಿನ ಹುಡುಗಿ ಆಟದ ಪೀರಿಯಡ್ಡಿನಲ್ಲಿ ಗೋಡೆಗೆ ಒರಗಿ ಕೂತು ಉಳಿದವರ ಚಪ್ಪಲಿ ಕಾಯುತ್ತಿದ್ದಳು. ನನಗೆ ಆ ಚಪ್ಪಲಿಗಳ ಮೇಲೆ ಸಿಟ್ಟು ಬರುತ್ತಿತ್ತು.

ನಾನು ಹೊಸೂರಿನ ಒಂದು ಫ್ಯಾಕ್ಟರಿಯಲ್ಲಿ ಗಾಡಿಗಳ ಒಳಗೆ ಹಾಕುವ ವೈರು ಜೋಡಿಸುವ ಕೆಲಸಕ್ಕೆ ಹೋಗುತ್ತೇನೆ. ಬೆಳಗ್ಗೆ ಕಂಪನಿ ವ್ಯಾನು ಬಂದು ಬೇವಿನ ಮರದ ಹತ್ತಿರ ಹಾರ್ನ್ ಹೊಡೆದರೆ ಸಾಯಂಕಾಲದವರೆಗೆ ಮಗಳು ಅತ್ತೆಯ ಪಾಲು. ಅತ್ತೆಗೆ ಮಗಳಲ್ಲದೆ ಇನ್ನೊಂದು ಪಾಲಿತ್ತು, ರೇಷ್ಮೆ ಹುಳ. ನಮ್ಮ ಹೊಲದ ಸೊಪ್ಪು, ನಮ್ಮದೇ ಹುಳ. ನನ್ನ ಸಂಬಳ ಬರುವ ಮೊದಲು ಈ ಮನೆ ನಿಂತಿದ್ದು ಆ ಹುಳಗಳ ಮೇಲೆ, ಈಗಲೂ ಅರ್ಧ ಅವುಗಳ ಮೇಲೆಯೇ.

ಹುಳದ ಮನೆ ಎಂದರೆ ನಮ್ಮ ಮನೆಯ ದೊಡ್ಡ ಕೋಣೆ. ನಾವು ಮನುಷ್ಯರು ನಡುಮನೆಯಲ್ಲಿ ಮುದುರಿಕೊಂಡು ಮಲಗುತ್ತೇವೆ, ಹುಳಗಳಿಗೆ ಎರಡು ಕಿಟಕಿ, ಎತ್ತರದ ಸೂರು. ಅಲ್ಲಿಗೆ ಕಾಲು ತೊಳೆಯದೆ ಹೋಗುವಂತಿಲ್ಲ. ತಲೆಗೆ ಮಲ್ಲಿಗೆ ಮುಡಿದು ಹೋಗುವಂತಿಲ್ಲ, ಎಣ್ಣೆ ಹಚ್ಚಿಕೊಂಡು ಹೋಗುವಂತಿಲ್ಲ, ಊದುಬತ್ತಿ ಹಚ್ಚುವಂತಿಲ್ಲ. ಬೀಡಿ ಸೇದಿದವನು ಬಾಗಿಲಲ್ಲಿ ನಿಂತು ಮಾತಾಡಿದರೂ ಅತ್ತೆ ಪೊರಕೆ ಎತ್ತುತ್ತಿದ್ದರು. ನಾಲ್ಕನೇ ಜ್ವರ ಬಿಟ್ಟು ಹುಳಗಳು ಎದ್ದ ಮೇಲೆ ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸುವುದು ನಮ್ಮ ಬೀದಿಯ ವಾಡಿಕೆ. ಹುಳ ಪೊರೆ ಕಳಚಲು ಮೇವು ಬಿಟ್ಟು ಸುಮ್ಮನಾಗುವುದನ್ನೇ ನಾವು ಜ್ವರ ಎನ್ನುವುದು. ಆ ಬೇವು ಕಂಡರೆ ಅಕ್ಕಪಕ್ಕದವರು ಕಸಕ್ಕೆ ಬೆಂಕಿ ಹಚ್ಚುವುದಿಲ್ಲ, ಪಕ್ಕದ ಹೊಲದವರು ಔಷಧಿ ಹೊಡೆಯುವುದಿಲ್ಲ, ಯಾರೂ ಯಾರಿಗೂ ಹೇಳಬೇಕಾಗಿಲ್ಲ. ಎದ್ದ ಹುಳಗಳು ಸೊಪ್ಪು ತಿನ್ನುವ ಸದ್ದು ಹೆಂಚಿನ ಮೇಲೆ ಸಣ್ಣ ಮಳೆ ಬಿದ್ದಂತೆ ಕೇಳುತ್ತದೆ. ಇಷ್ಟು ವರ್ಷವಾದರೂ ಆ ಸದ್ದಿಗೆ ನನ್ನ ಮೈ ಜುಮ್ಮೆನ್ನುತ್ತದೆ. ಅತ್ತೆ ಕಣ್ಣು ಮುಚ್ಚಿ ಅದನ್ನು ಕೇಳುತ್ತಾ ನಿಲ್ಲುತ್ತಿದ್ದರು, ಆ ಹೊತ್ತಿನಲ್ಲಿ ಮಾತ್ರ ಅವರ ಬಾಯಿ ಮುಚ್ಚಿರುತ್ತಿತ್ತು.

ಮಗಳ ಸೀಟಿ ಜಾಸ್ತಿಯಾದಾಗ ಅತ್ತೆ ಒಂದು ತೀರ್ಮಾನ ಮಾಡಿದರು. ಅಡುಗೆ ಮನೆಯಲ್ಲಿ ಸೌದೆ ಒಲೆಯ ಹೊಗೆ. ನಡುಮನೆಯಲ್ಲಿ ಒಗ್ಗರಣೆ ವಾಸನೆ, ಸೊಳ್ಳೆ ಬತ್ತಿ, ಬೀದಿಯ ಧೂಳು. ಇಡೀ ಮನೆಯಲ್ಲಿ ಹೊಗೆಯಿಲ್ಲದ, ವಾಸನೆಯಿಲ್ಲದ, ಚೊಕ್ಕಟವಾದ ಗಾಳಿ ಇರುವುದು ಹುಳದ ಮನೆಯಲ್ಲಿ ಮಾತ್ರ.

"ಹುಳಕ್ಕೆ ಕೊಡೋ ಗಾಳೀನ ನನ್ ಕೂಸಿಗೆ ಕೊಡಕ್ಕಾಗಲ್ವಾ," ಎಂದು ಮಗುವಿನ ಚಾಪೆ, ಹೊದಿಕೆ ಎತ್ತಿಕೊಂಡು ಹೋಗಿ ಹುಳ ಮೇಯುವ ಬಿದಿರಿನ ತಡಿಕೆಗಳ ಕೆಳಗೆ ಹಾಸಿದರು.

ನನಗೂ ಅದು ಸರಿ ಅನ್ನಿಸಿತು. ಹುಳ ಸಾಕಿದ ಯಾರಿಗಾದರೂ ಸರಿ ಅನ್ನಿಸುತ್ತದೆ. ಮೊಟ್ಟೆಯಿಂದ ಗೂಡಿನವರೆಗೆ ಒಂದು ಕೆಟ್ಟ ವಾಸನೆ ತಾಗದಂತೆ ಕಾಯ್ದ ಕೋಣೆ ಅದು. ಚಳಿಯಲ್ಲಿ ಬೆಚ್ಚಗೂ ಇರುತ್ತದೆ.

ಮಗಳ ಉಸಿರು ಅಲ್ಲಿಂದ ಇನ್ನೂ ಬಿಗಿಯಾಯಿತು. ಅತ್ತೆಯ ಸಿಟ್ಟೆಲ್ಲ ಹೊರಗಿನವರ ಮೇಲೆ ತಿರುಗಿತು. ಎದುರು ಮನೆಯ ತೆಲುಗಿನಾಕೆ ಸಾರಿನ ಪುಡಿಗೆ ಮೆಣಸಿನಕಾಯಿ ಹುರಿದಾಗ ಆ ಘಾಟು ಬೀದಿ ದಾಟಿ ಬರುತ್ತದೆ, ಅದೇ ಕೂಸಿನ ಎದೆ ಕಟ್ಟುತ್ತಿದೆ ಎಂದು ಜಗಳ ತೆಗೆದರು. ಆಕೆಯೂ ಬಿಡುವವರಲ್ಲ. "ನಿನ್ ಹುಳಕ್ಕೆ ಅಂತ ನಾನು ಉಪ್ಪುಖಾರ ಬಿಡ್ಲಾ ವದಿನಾ," ಎಂದರು. ವದಿನ ಎಂದರೆ ತೆಲುಗಿನಲ್ಲಿ ಅತ್ತಿಗೆ, ನಮ್ಮ ಅತ್ತೆಯನ್ನು ಅವರು ಕರೆಯುತ್ತಿದ್ದುದು ಹಾಗೆ. ಅವತ್ತಿನಿಂದ ಇಬ್ಬರಿಗೂ ಮಾತು ನಿಂತಿತು. ಅತ್ತೆ ಬೀದಿ ಕಡೆಯ ಕಿಟಕಿಗೆ ಗೋಣಿಚೀಲ ಕಟ್ಟಿದರು, ಒಂದು ಸಂದಿಯನ್ನೂ ಬಿಡಲಿಲ್ಲ. ಒಳಗೆ ಮಗು ಕೆಮ್ಮುತ್ತಿತ್ತು.

ಗೂಡು ಬಿಡಿಸುವ ಭಾನುವಾರ ನಾನು ಮನೆಯಲ್ಲಿದ್ದೆ. ಚಂದ್ರಿಕೆಗಳನ್ನು, ಅಂದರೆ ಹುಳ ಗೂಡು ಕಟ್ಟುವ ಬಿದಿರಿನ ತಟ್ಟೆಗಳನ್ನು, ಗೋಡೆಗೆ ಒರಗಿಸಿ ನಾನು, ಅತ್ತೆ, ಮಗಳು ಗೂಡು ಬಿಡಿಸುತ್ತಿದ್ದೆವು. ಮಗಳ ಕೈ ಸಣ್ಣದು, ಚುರುಕು, ಅತ್ತೆಗೆ ಅವಳ ಕೆಲಸ ಎಂದರೆ ಹೆಮ್ಮೆ. ಬಿಸಿಲು ಹಿತ್ತಿಲ ಕಡೆಯ ಕಿಟಕಿಯಿಂದ ಒಳಗೆ ಬಿದ್ದಿತ್ತು. ಅತ್ತೆ ಏನೋ ಕೇಳಿದರು, ಮಗಳು ಉತ್ತರ ಕೊಡಲಿಲ್ಲ. ಮತ್ತೆ ಕೇಳಿದರು. ತಿರುಗಿ ನೋಡಿದರೆ ಅವಳು ಎರಡೂ ಕೈ ಮಂಡಿಯ ಮೇಲೆ ಊರಿ ಬಾಗಿ ಕೂತಿದ್ದಾಳೆ, ಬಾಯಿ ತೆರೆದಿದೆ, ತುಟಿ ನೇರಳೆಗೆ ತಿರುಗಿದೆ, ಸೀಟಿಯ ಸದ್ದೂ ಇಲ್ಲ. ಕುತ್ತಿಗೆಯ ಕೆಳಗಿನ ಗುಳಿ ಮಾತ್ರ ಒಳಗೆ ಹೋಗುತ್ತಿದೆ, ಬರುತ್ತಿದೆ.

ನಾನು ಕಿರುಚಿದ್ದು ಬೀದಿಗೆಲ್ಲ ಕೇಳಿರಬೇಕು. ಮೊದಲು ಓಡಿ ಬಂದವರು ಎದುರು ಮನೆಯವರೇ. ಅವರ ಮಗನ ಆಟೋ ಬಾಗಿಲಲ್ಲಿ ಇತ್ತು. ಹೊಸೂರಿನ ದಾರಿಯುದ್ದಕ್ಕೂ ನನ್ನ ತೊಡೆಯ ಮೇಲೆ ಮಗಳು, ಪಕ್ಕದಲ್ಲಿ ಅತ್ತೆ. ಹುಟ್ಟಿದಾಗಿನಿಂದ ಬಾಯಿ ಮುಚ್ಚದ ಹೆಂಗಸು ಒಂದು ಮಾತಾಡಲಿಲ್ಲ. ಮಗುವಿನ ಎದೆ ಮೇಲೇಳುವಾಗ ಅವರ ಎದೆಯೂ ಏಳುತ್ತಿತ್ತು, ಅದು ಇಳಿಯುವವರೆಗೂ ಇವರೂ ಹಿಡಿದುಕೊಂಡಿರುತ್ತಿದ್ದರು. ಅವತ್ತು ನನಗೆ ಮೊದಲ ಸಲ ಭಯದ ಜೊತೆಗೆ ಇನ್ನೊಂದು ಅನ್ನಿಸಿತು. ನಾವೆಲ್ಲ ಇಷ್ಟು ವರ್ಷ ಯೋಚಿಸದೆ ಒಳಗೆಳೆದು ಹೊರಗೆ ಬಿಡುತ್ತಿರುವ ಈ ಗಾಳಿ ಎಂಥ ದೊಡ್ಡ ಸಂಗತಿ ಎಂದು. ಬದುಕಿಗೆ ಬೇಕಾದ ಉಳಿದದ್ದನ್ನೆಲ್ಲ ಬೈದು, ಬೇಡಿ, ದುಡಿದು ತರಬಹುದು. ಇದೊಂದನ್ನು ನಾನು ನನ್ನದರಿಂದ ತೆಗೆದು ಅವಳಿಗೆ ಕೊಡುವಂತಿರಲಿಲ್ಲ.

ಮಗಳು ಉಳಿದಳು. ಆಸ್ಪತ್ರೆಯ ಮಕ್ಕಳ ಡಾಕ್ಟರು ಮದ್ದನ್ನು ಉಸಿರಿನ ಜೊತೆ ಎಳೆದುಕೊಳ್ಳುವ ಎರಡು ಪಂಪು ಬರೆದುಕೊಟ್ಟರು, ನಿಮ್ಮ ಊರಿಗೆ ಬರುವ ನರ್ಸು ಹೇಗೆ ತಗೊಳ್ಳಬೇಕೆಂದು ಮನೆಗೇ ಬಂದು ಹೇಳಿಕೊಡುತ್ತಾರೆ ಎಂದರು. ಮಾತಿನಂತೆ ನರ್ಸಮ್ಮ ಬಂದರು. ಕೃಷ್ಣಗಿರಿ ಕಡೆಯವರು, ಮನೆ ಮಾತು ತಮಿಳು. ನಮ್ಮ ಜೊತೆ ಮಾತಾಡುವಾಗ ಕನ್ನಡಕ್ಕೆ ತಮಿಳು ಬೆರೆಸಿ ಬಡಿಸುತ್ತಾರೆ, ನಮಗೆ ಅದೇ ರುಚಿ. ಹೊಂಗೆ ಮರದ ಕಟ್ಟೆಯ ಮೇಲೆ ಬೀದಿಯ ಹೆಂಗಸರನ್ನೆಲ್ಲ ಕೂರಿಸಿ, ಖಾಲಿ ನೀರಿನ ಬಾಟಲಿಯ ತಳಕ್ಕೆ ಪಂಪಿನ ಬಾಯಿ ಹಿಡಿಯುವಷ್ಟು ತೂತು ಕೊಯ್ದರು. ಬಾಟಲಿಯ ಬಾಯಿಯನ್ನು ಮಗಳ ತುಟಿಗೆ ಇಟ್ಟು, ತಳದಿಂದ ಪಂಪು ಒತ್ತಿ, "ಮೆಲ್ಲಗೆ ಎಳಿ ಪಾಪಾ, ಅವಸರ ಇಲ್ಲೆ," ಎಂದರು. ಮದ್ದು ನಾಲಗೆಗೆ ಹೊಡೆದು ವ್ಯರ್ಥವಾಗದೆ ಬಾಟಲಿಯಲ್ಲಿ ನಿಂತು ನಿಧಾನವಾಗಿ ಎದೆಗೆ ಇಳಿಯುತ್ತದಂತೆ. ನಾವು ಕಸಕ್ಕೆ ಎಸೆಯುವ ಬಾಟಲಿ. ನಾನು ಬಾಯಿ ಬಿಟ್ಟುಕೊಂಡು ನೋಡಿದೆ.

"ಕಂದು ಪಂಪು ದಿನಾ, ಪಾಪ ಚೆನ್ನಾಗಿದ್ರೂ ದಿನಾ, ಆಮೇಲೆ ಬಾಯಿ ಮುಕ್ಕಳಿಸ್ಬೇಕು," ಎಂದರು ನರ್ಸಮ್ಮ. "ನೀಲಿ ಪಂಪು ಸೀಟಿ ಬಂದಾಗ. ಎಂಗೆ ಗೊತ್ತಾಗೋದು ಅಂತ ಕೇಳ್ತೀರಾ? ಮಾತಾಡ್ಸಿ. ಒಂದು ಉದ್ದ ಮಾತು ಒಂದೇ ಉಸಿರಲ್ಲಿ ಆಡಿದ್ರೆ ಭಯ ಇಲ್ಲ. ಮಾತು ತುಂಡು ತುಂಡಾದ್ರೆ ನೀಲಿ ಪಂಪು. ಮಾತೇ ನಿಂತ್ರೆ, ತುಟಿ ಕಪ್ಪಾದ್ರೆ, ಪಂಪು ಕೊಡ್ತಾನೇ ಆಟೋ ಹತ್ತಿ."

ಹೆಂಗಸರು ಸುಮ್ಮನೆ ಒಪ್ಪುವವರೇ? ಪಂಪು ಹಿಡಿದರೆ ಅಭ್ಯಾಸ ಆಗಿಬಿಡುತ್ತದೆ ಎಂದರು ಒಬ್ಬರು. ಹೆಣ್ಣು ಮಗು, ನಾಳೆ ಗಂಡು ನೋಡುವಾಗ ಯಾರಾದರೂ ಕಂಡರೆ ಎಂದರು ಇನ್ನೊಬ್ಬರು. ನಾನು ಅವರಿಗೆ ಅಲ್ಲೇ ಚೆನ್ನಾಗಿ ಅಂದೆ, ಏನಂದೆ ಎಂದು ಬರೆಯುವುದು ಬೇಡ. ನರ್ಸಮ್ಮ ನಗುತ್ತಾ, ಕಣ್ಣು ಮಂಜಾದರೆ ಕನ್ನಡಕ ಹಾಕುತ್ತೀರಿ, ಅದು ಅಭ್ಯಾಸ ಆಗುತ್ತದೆ ಅಂತ ಯಾರಾದರೂ ಬಿಡುತ್ತೀರಾ ಎಂದು ಕೇಳಿದರು. ಆಮೇಲೆ ಅತ್ತೆಯ ಕಡೆ ತಿರುಗಿ, ತಮಿಳಿನಲ್ಲಿ ಅಜ್ಜಿಯನ್ನು ಕರೆಯುವ ಹಾಗೆ ಕರೆದು ಕೇಳಿದರು.

"ಪಾಟೀ, ಪಾಪ ಮಲಗೋದು ಎಲ್ಲಿ?"

ಅತ್ತೆಯ ಮುಖ ಬೆಳಗಿತು. ಬನ್ನಿ ತೋರಿಸುತ್ತೇನೆ ಎಂದು ಮುಂದೆ ನಡೆದರು. ಹುಳದ ಮನೆಯ ಹೊಸ್ತಿಲಲ್ಲಿ ನರ್ಸಮ್ಮನ ಕಾಲು ತೊಳೆಸಿದರು, ಕೈ ತೊಳೆಸಿದರು, ಅವರ ಜಡೆಯ ಮಲ್ಲಿಗೆ ತೆಗೆಸಿ ತುಳಸಿ ಗಿಡದ ಮೇಲೆ ಇಡಿಸಿದರು. ಹೊಸ ಚಾಕಿ ಬಂದಿತ್ತು, ಎಳೆಯ ಹುಳಗಳು ತಡಿಕೆಯಲ್ಲಿ ಸಣ್ಣಗೆ ಮೇಯುತ್ತಿದ್ದವು.

"ನೋಡಿ ನರ್ಸಮ್ಮ, ಈ ಗಾಳಿ ಯಾವ ಆಸ್ಪತ್ರೇಲಿ ಐತೆ? ಒಂದು ಹೊಗೆ ಇಲ್ಲ, ಒಂದು ವಾಸ್ನೆ ಇಲ್ಲ. ನಾನು ಮಗೂಗೆ ಮನೇಲಿ ಇರೋದ್ರಾಗೆ ಒಳ್ಳೇದೇ ಕೊಟ್ಟಿವ್ನಿ."

ನರ್ಸಮ್ಮ ಒಳಗೆ ಹೋಗಿ ಸುತ್ತ ನೋಡಿದರು. ಗೋಣಿ ಕಟ್ಟಿದ ಕಿಟಕಿಯ ಕಟ್ಟೆಯ ಮೇಲೆ ಬೆರಳು ಎಳೆದರು. ಬೆರಳಿನ ತುದಿ ಬೂದಿ ಬಣ್ಣಕ್ಕೆ ತಿರುಗಿತು. ಒಣಗಿದ ಹಿಕ್ಕೆ, ಜ್ವರ ಬಿಟ್ಟಾಗ ಹುಳ ಕಳಚಿದ ಪೊರೆ, ಸೊಪ್ಪಿನ ಧೂಳು, ತಡಿಕೆಗೆ ಉದುರಿಸುವ ಸುಣ್ಣದ ಪುಡಿ, ಎಲ್ಲ ಸೇರಿದ ನುಣ್ಣನೆಯ ಹುಡಿ. ಮಗುವಿನ ಹೊದಿಕೆ ಕೊಡವಿದರು, ಇನ್ನೊಂದು ಕಿಟಕಿಯಿಂದ ಬಂದ ಬಿಸಿಲ ಕೋಲಿನಲ್ಲಿ ಆ ಹುಡಿ ಕುಣಿಯಿತು. ಮಗಳು ಕೆಮ್ಮಿದಳು.

"ಪಾಟೀ, ನಿಮ್ಮ ತಪ್ಪಿಲ್ಲ," ಎಂದರು ನರ್ಸಮ್ಮ, ಬಹಳ ಮೆತ್ತಗೆ. "ಈ ಗಾಳಿ ಹುಳಕ್ಕೆ ಒಳ್ಳೇದು. ಹುಳದಿಂದ ಬರೋ ಧೂಳು ಹುಳಕ್ಕೆ ಏನೂ ಮಾಡಲ್ಲ. ಪಾಪಾಗೆ ಅದೇ ಆಗಿಬರ್ತಿಲ್ಲೆ."

ಅತ್ತೆ ಅಲ್ಲೇ ಹೊಸ್ತಿಲ ಮೇಲೆ ಕೂತರು. ಅವರು ಬೈಯಲಿ ಎಂದು ನಾನು ಕಾಯುತ್ತಿದ್ದೆ. ನರ್ಸಮ್ಮನನ್ನಾದರೂ ಬೈಯಲಿ, ನನ್ನನ್ನಾದರೂ ಬೈಯಲಿ. ಅವರು ತಮ್ಮ ಎರಡು ಅಂಗೈ ತಿರುಗಿಸಿ ನೋಡಿಕೊಂಡರು. ಸೊಪ್ಪು ಕೊಯ್ದು ಹಸಿರು ಹಿಡಿದ ಕೈ. ಆಮೇಲೆ ಕೇಳಿದರು, "ಹಂಗಾದ್ರೆ ಹುಳ ಬಿಡ್ಬೇಕಾ?" ಆ ದನಿಯನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ, ನನಗೆ ಅಳು ಬಂತು. ಹುಳ ಬಿಟ್ಟರೆ ಮನೆ ನಡೆಯುವುದಿಲ್ಲ. ಹುಳ ಇಟ್ಟುಕೊಂಡರೆ ಮಗು ಉಳಿಯುವುದಿಲ್ಲ. ನರ್ಸಮ್ಮ ಬಿಡಬೇಡಿ ಎಂದರು, ಮಗುವನ್ನೂ ಹುಳವನ್ನೂ ಬೇರೆ ಮಾಡಿ ಎಂದರು. ಹೇಳುವುದು ಸುಲಭ. ನಮಗಿದ್ದದ್ದು ಎರಡು ಕೋಣೆ, ಒಂದು ಹೊಗೆಯ ಅಡುಗೆ ಮನೆ.

ರಾತ್ರಿ ಊಟದ ಹೊತ್ತಿಗೆ ನನ್ನ ಯಜಮಾನರು ಮಗಳನ್ನು ಜವಳಗಿರಿಯ ನನ್ನ ತವರಿಗೆ ಕಳಿಸೋಣ ಎಂದರು. ಕಾಡಿನ ಊರು, ಗಾಳಿ ಚೆನ್ನಾಗಿದೆ. ಆದರೆ ಅಲ್ಲಿ ಕತ್ತಲಾದ ಮೇಲೆ ಆನೆ ರಸ್ತೆಗೆ ಇಳಿಯುತ್ತದೆ, ಉಸಿರು ಕಟ್ಟಿದರೆ ಆಸ್ಪತ್ರೆಗೆ ಹೇಗೆ ಹೋಗುವುದು. ಮಗಳು ಅಜ್ಜಿಯ ಸೆರಗು ಹಿಡಿದು "ನಾನು" ಎಂದಳು, ಉಸಿರೆಳೆದು "ಹೋಗಲ್ಲ" ಎಂದಳು. ಅತ್ತೆ ಊಟ ಬಿಟ್ಟು ಎದ್ದರು.

ಮಾರನೆಯ ಬೆಳಗ್ಗೆ ನಾನು ವ್ಯಾನಿಗೆ ಹೊರಟು ಬಾಗಿಲಿಗೆ ಬಂದಾಗ ಅತ್ತೆ ಬೀದಿ ದಾಟುತ್ತಿದ್ದರು. ಸೀರೆ ಬದಲಾಯಿಸಿ, ತಲೆ ಬಾಚಿ, ನೆಂಟರ ಮನೆಗೆ ಹೋಗುವವರ ಹಾಗೆ. ಎದುರು ಮನೆಯಾಕೆ ರಂಗೋಲಿ ಹಾಕುತ್ತಿದ್ದರು, ತಲೆ ಎತ್ತಿ ನೋಡಿದರು, ಮತ್ತೆ ತಗ್ಗಿಸಿದರು. ನಮ್ಮ ಅತ್ತೆ ಯಾರ ಮನೆ ಬಾಗಿಲಲ್ಲೂ ಏನನ್ನೂ ಕೇಳಿದವರಲ್ಲ. ಮಾವ ತೀರಿಕೊಂಡ ವರ್ಷವೂ ಕೇಳಲಿಲ್ಲವಂತೆ. ವ್ಯಾನು ಹಾರ್ನ್ ಹೊಡೆಯಿತು, ನಾನು ಕಾಲು ಕೀಳಲಿಲ್ಲ.

"ನಿಮ್ ಕೊಟ್ಗೆ ಖಾಲಿ ಬಿದ್ದೈತಲ್ಲ," ಎಂದರು ಅತ್ತೆ. "ಹುಳ ಇಕ್ಕಕ್ಕೆ ಜಾಗ ಕೊಡ್ತೀಯಾ?"

"ನನ್ ಮೊಕ ನೋಡ್ದಂಗೆ ಹೋಗೋಳು ಈವತ್ತು ಕೊಟ್ಗೆ ಕೇಳಕ್ಕೆ ಬಂದಿದ್ದೀಯಲ್ಲ ವದಿನಾ."

"ಬಂದಿವ್ನಿ. ನಿನ್ ಮೆಣಸಿನಕಾಯಿ ಅಲ್ಲ ಕಣೆ, ನನ್ ಹುಳಾನೇ. ಕೂಸಿಗೆ ಉಸಿರು ಬೇಕು."

ಆಕೆ ರಂಗೋಲಿ ಬಟ್ಟಲು ಕೆಳಗಿಟ್ಟರು. ಆಮೇಲೆ ಅತ್ತೆಯ ಕೈ ಹಿಡಿದು ಒಳಗೆ ಕರೆದುಕೊಂಡು ಹೋದರು, ನಾನೂ ಹಿಂದೆಯೇ ಹೋದೆ. ಅಡುಗೆ ಮನೆಯ ಅಕ್ಕಿ ಡಬ್ಬಿಗೆ ಕೈ ಹಾಕಿ ಒಂದು ನೀಲಿ ಪಂಪು ತೆಗೆದರು. ಅವರ ಮೊಮ್ಮಗನದು. ಹುಡುಗನಿಗೆ ಉಬ್ಬಸ ಎಂದು ಬೀದಿಗೆ ಗೊತ್ತಾಗಬಾರದೆಂದು ಅಕ್ಕಿಯಲ್ಲಿ ಹೂತಿಟ್ಟಿದ್ದರು. ನಿನ್ನೆ ಕಟ್ಟೆಯ ಮೇಲೆ ನರ್ಸಮ್ಮ ಬಾಟಲಿ ಕೊಯ್ಯುವಾಗ ಕಣ್ಣು ಮಿಟುಕಿಸದೆ ನೋಡುತ್ತಿದ್ದವರು ಇವರೇ ಎಂದು ನನಗೆ ಆಗ ಹೊಳೆಯಿತು.

"ಕೊಟ್ಗೆ ತಗೋ. ಸೊಪ್ಪು ನಾನೂ ಹಾಕ್ತೀನಿ, ಪಾಲಿಗೆ," ಎಂದರು. "ಒಂದು ಮಾತು. ಬೈಯೋದು ಮಾತ್ರ ಬಿಡ್ಬೇಡ ವದಿನಾ. ನೀನು ಸುಮ್ನಿದ್ರೆ ಬೀದೀಲಿ ಯಾರೋ ಸತ್ತಂಗೆ ಇರ್ತದೆ."

ಅವತ್ತು ನನ್ನ ವ್ಯಾನು ತಪ್ಪಿತು, ಒಂದು ದಿನದ ಸಂಬಳವೂ ಹೋಯಿತು. ಹೋಗಲಿ. ಕೊಟ್ಟಿಗೆ ಅವರ ಹಿತ್ತಿಲಿನ ಆಚೆ, ಎರಡೂ ಮನೆಗಳಿಂದ ದೂರ. ಸಂಜೆಯ ಹೊತ್ತಿಗೆ ಬೀದಿಯ ಹೆಂಗಸರೆಲ್ಲ ಸೇರಿ ತಡಿಕೆಗಳನ್ನು ತಲೆಯ ಮೇಲೆ ಹೊತ್ತು ಅಲ್ಲಿಗೆ ಸಾಗಿಸಿದರು, ಒಂದು ಹುಳ ಕೆಳಗೆ ಬೀಳಲಿಲ್ಲ. ಖಾಲಿಯಾದ ನಮ್ಮ ಕೋಣೆಯನ್ನು ಮೇಲಿಂದ ಕೆಳಗೆ ಒದ್ದೆ ಬಟ್ಟೆಯಲ್ಲಿ ಒರೆಸಿದೆವು. ಪೊರಕೆ ಹಾಕಬೇಡಿ, ಧೂಳು ಏಳುತ್ತದೆ ಎಂದಿದ್ದರು ನರ್ಸಮ್ಮ. ಗೋಣಿಚೀಲ ಕಿತ್ತೆವು. ಎರಡು ಕಿಟಕಿಯೂ ತೆರೆದವು. ಸೌದೆ ಒಲೆಯನ್ನು ಅತ್ತೆ ಕಿತ್ತು ಹಿತ್ತಿಲಿನ ಮೂಲೆಯಲ್ಲಿ ಹೂಡಿದರು. ಕೊನೆಗೆ ಬೇವಿನ ಮರದಿಂದ ಒಂದು ಸೊಪ್ಪು ಮುರಿದು ತಂದು ಕೋಣೆಯ ಬಾಗಿಲಿಗೆ ಸಿಕ್ಕಿಸಿದರು, ಇನ್ನೊಂದನ್ನು ಬೀದಿ ಬಾಗಿಲಿಗೆ.

"ಒಳಗೆ ಹುಳ ಇಲ್ವಲ್ಲ ಅತ್ತೆ," ಎಂದೆ.

"ಹುಳಕ್ಕೆ ಮಾತ್ರಾನೇನಮ್ಮಿ," ಎಂದರು.

ಆ ಬೇವು ನಮ್ಮ ಬೀದಿಯಲ್ಲಿ ಮಾಡಿದ ಕೆಲಸ ನೆನೆದರೆ ಈಗಲೂ ನನಗೆ ಬೆರಗು. ನರ್ಸಮ್ಮ ಕಟ್ಟೆಯ ಮೇಲೆ ಎಷ್ಟು ಸಲ ಹೇಳಿದ್ದರೂ ಊರು ಕಲಿಯಲು ವರ್ಷ ಹಿಡಿಯುತ್ತಿತ್ತು, ಇದಕ್ಕೆ ಯಾರೂ ಏನನ್ನೂ ಕಲಿಯಬೇಕಾಗಲಿಲ್ಲ. ಬೇವು ಇರುವ ಮನೆಯ ಮುಂದೆ ಏನು ಮಾಡಬಾರದು ಎಂಬುದು ಇಲ್ಲಿ ಹಾಲು ಕುಡಿಯುವ ವಯಸ್ಸಿನಿಂದ ಗೊತ್ತು. ಕಸಕ್ಕೆ ಬೆಂಕಿ ಹಚ್ಚಲು ಕಡ್ಡಿ ಗೀರಿದವರು ಬೇವು ನೋಡಿ ಊದಿ ಆರಿಸುತ್ತಿದ್ದರು. ಬೀಡಿ ಕೈಯಲ್ಲಿದ್ದವರು ಬೀದಿಯ ಆ ಬದಿಗೆ ಸರಿಯುತ್ತಿದ್ದರು, ನನ್ನ ಯಜಮಾನರೂ ಸೇರಿ. ಎದುರು ಮನೆಯವರು ಮೆಣಸಿನಕಾಯಿ ಹುರಿಯುವ ದಿನ ಮೊದಲೇ ಕೂಗಿ ಹೇಳಿ ಒಲೆಯನ್ನು ದೂರದ ಹೊಲದ ಬದಿಗೆ ಒಯ್ಯುತ್ತಿದ್ದರು. ಆಮೇಲೆ ಅವರ ಬಾಗಿಲಿಗೂ ಬೇವು ಬಂತು, ಅಕ್ಕಿ ಡಬ್ಬಿಯ ಪಂಪು ದೇವರ ಗೂಡಿಗೆ ಬಂತು. ಬೀದಿಯ ಕೊನೆಯಲ್ಲಿ ಇನ್ನೊಂದು ಬಾಗಿಲಿಗೆ ಬೇವು ಕಂಡಾಗ ನಾವು ಯಾರೂ ಏನೂ ಕೇಳಲಿಲ್ಲ. ಒಂದು ಬಾಟಲಿ ಕೊಯ್ದು ಕೊಟ್ಟು ಬಂದೆವು.

ಭೋಗಿ ಹಬ್ಬದ ದಿನ ನನಗೆ ದಿಗಿಲಿತ್ತು. ನಮ್ಮ ಕಡೆ ಪೊಂಗಲ್ಲಿನ ಹಿಂದಿನ ಬೆಳಗ್ಗೆ ಮನೆಯ ಹಳೆಯದನ್ನೆಲ್ಲ, ಚಾಪೆ, ಚಿಂದಿ, ಸವೆದ ಟಯರು ಸಮೇತ ಬಾಗಿಲ ಮುಂದೆ ಸುಡುತ್ತಾರೆ, ಬೀದಿಯೇ ಕಾಣುವುದಿಲ್ಲ. ಹಿಂದಿನ ಭೋಗಿಯನ್ನು ಮಗಳು ಆಸ್ಪತ್ರೆಯ ಮಂಚದ ಮೇಲೆ ಕಳೆದಿದ್ದಳು. ಈ ಸಲ ನಸುಕಿಗೆ ಎದ್ದು ಕಿಟಕಿ ಮುಚ್ಚಲು ಹೋದೆ. ಹೊರಗೆ ಮಂಜು ಮಾತ್ರ ಇತ್ತು. ಒಂದು ಬಾಗಿಲ ಮುಂದೆಯೂ ಬೆಂಕಿಯಿಲ್ಲ. ದೂರದ ಕೆರೆ ಏರಿಯ ಆಚೆ, ಗಾಳಿ ನಮ್ಮ ಕಡೆ ಬೀಸದ ಜಾಗದಲ್ಲಿ, ಕೆಂಪಗೆ ಒಂದೇ ಬೆಂಕಿ ಕಾಣುತ್ತಿತ್ತು. ಬೀದಿಯವರೆಲ್ಲ ತಮ್ಮ ಹಳೆಯದನ್ನು ಹೊತ್ತು ಅಲ್ಲಿಗೆ ನಡೆದಿದ್ದರು, ಆ ಚಳಿಯಲ್ಲಿ. ನಾನು ಕಿಟಕಿಯ ಸರಳು ಹಿಡಿದು ನಿಂತು ಚೆನ್ನಾಗಿ ಅತ್ತುಬಿಟ್ಟೆ. ದೊಡ್ಡ ದೊಡ್ಡ ದೇವಸ್ಥಾನಗಳಲ್ಲಿ ನಿಂತಾಗ ನನಗೆ ಹಾಗಾಗಿಲ್ಲ.

ಈ ಎಲ್ಲದರಲ್ಲಿ ಕಷ್ಟಪಟ್ಟವರು ಅತ್ತೆ. ಹುಳದ ಧೂಳು ಸೀರೆಗೆ, ಕೂದಲಿಗೆ ಅಂಟಿರುತ್ತದೆ. ಕೊಟ್ಟಿಗೆಯಿಂದ ಬಂದವರು ಸ್ನಾನ ಮಾಡಿ ಸೀರೆ ಬದಲಿಸುವವರೆಗೆ ಮಗಳ ಹತ್ತಿರ ಹೋಗುವುದಿಲ್ಲ ಎಂದು ಅವರೇ ಕಟ್ಟು ಹಾಕಿಕೊಂಡಿದ್ದರು. ಹುಳಕ್ಕೆ ದಿನಕ್ಕೆ ಹಲವು ಸಲ ಸೊಪ್ಪು ಹಾಕಬೇಕು. ಪ್ರತಿ ಸಲವೂ ಸ್ನಾನ ಎಲ್ಲಿ ಸಾಧ್ಯ. ಹಾಗಾಗಿ ಹೊತ್ತೆಲ್ಲ ಕೋಣೆಯ ಹೊಸ್ತಿಲಿನ ಆಚೆ ಕುಕ್ಕುರುಗಾಲಲ್ಲಿ ಕೂತು ಮೊಮ್ಮಗಳ ಜೊತೆ ಮಾತಾಡುತ್ತಿದ್ದರು. ಹುಟ್ಟಿದಾಗಿನಿಂದ ತಮ್ಮ ಪಕ್ಕದಲ್ಲೇ ಮಲಗಿಸಿಕೊಂಡ ಮಗು. ಅವಳು ಕೈ ಚಾಚಿದರೆ "ಬ್ಯಾಡ ಕಣವ್ವ, ನಾನು ಹುಳದೋಳು," ಎಂದು ಹಿಂದೆ ಸರಿಯುತ್ತಿದ್ದರು. ಬಾಗಿಲಲ್ಲಿ ನಿಂತವರಿಗೆಲ್ಲ ಪೊರಕೆ ತೋರಿಸಿದ ಹೆಂಗಸು ಈಗ ತಾವೇ ಬಾಗಿಲಾಚೆ. ನಾನು ಅವರೊಂದಿಗೆ ಆಡಿದ ಜಗಳಗಳೆಲ್ಲ ಅವರ ಮುಂದೆ ತೀರಾ ಸಣ್ಣವಾಗಿ ಕಂಡವು. ಹಾಗೆಂದು ಜಗಳ ಬಿಟ್ಟೆ ಎಂದುಕೊಳ್ಳಬೇಡಿ.

ಕಂದು ಪಂಪು ದಿನವೂ ನಡೆಯಿತು. ಮಗಳ ಮಾತಿನ ತುಂಡುಗಳು ಉದ್ದವಾಗುತ್ತಾ ಬಂದವು. "ಅಮ್ಮಾ ನೀರು" ಎಂದಳು, ಆಮೇಲೆ "ಅಮ್ಮಾ ನೀರು ಕೊಡು" ಎಂದಳು. ನಾವು ಬೇಕೆಂದೇ ಮಾತಾಡಿಸುತ್ತಿದ್ದೆವು, ಉಸಿರು ಎಲ್ಲಿ ನಿಲ್ಲುತ್ತದೆ ಎಂದು ನೋಡಲು. ಆದರೆ ಉದ್ದದ ಮಾತಿಗೆ ಅವಳು ಇನ್ನೂ ಅಂಜುತ್ತಿದ್ದಳು. ನಡುವೆ ಉಸಿರು ಸಿಗದೇ ಹೋದರೆ ಎಂಬ ಹೆದರಿಕೆ ಅವಳ ಮುಖದಲ್ಲೇ ಕಾಣುತ್ತಿತ್ತು.

ಮೊನ್ನೆ ಗೂಡು ಬಿಡಿಸಿದ ದಿನ ಬೆಳೆ ತುಂಬಾ ಚೆನ್ನಾಗಿ ಬಂದಿತ್ತು. ಅತ್ತೆಗೆ ಸಂತೋಷ ತಡೆಯಲಾಗಲಿಲ್ಲ. ಒಂದು ಬೆಳ್ಳನೆಯ, ದಪ್ಪನೆಯ ಗೂಡನ್ನು ಅಂಗೈಯಲ್ಲಿ ಇಟ್ಟುಕೊಂಡು ಮೊಮ್ಮಗಳಿಗೆ ತೋರಿಸಬೇಕೆಂದು ಕೊಟ್ಟಿಗೆಯಿಂದ ಓಡಿ ಬಂದರು. ಸೀರೆಯ ತುಂಬಾ ಧೂಳು, ಕೂದಲಲ್ಲಿ ರೇಷ್ಮೆಯ ಎಳೆ. ನಾನು ಹಿತ್ತಿಲಿನಿಂದ ಕೂಗುವಷ್ಟರಲ್ಲಿ ಅವರ ಒಂದು ಕಾಲು ಕೋಣೆಯ ಹೊಸ್ತಿಲ ಒಳಗಿತ್ತು.

ಮಗಳು ಪುಸ್ತಕ ಕೆಳಗಿಟ್ಟು ಎದ್ದು ನಿಂತಳು. ಸೊಂಟಕ್ಕೆ ಕೈ ಇಟ್ಟಳು.

"ಏನಜ್ಜಿ ನಿಂಗೆ ಬುದ್ಧಿ ಗಿದ್ದಿ ಐತಾ, ಕಾಲು ತೊಳ್ದಿಲ್ಲ ಸೀರೆ ಬಿಚ್ಚಿಲ್ಲ ತಲೆ ತುಂಬ ಧೂಳು ಹಾಕ್ಕೊಂಡು ಬೇವು ಸಿಕ್ಸಿರೋ ಬಾಗ್ಲಲ್ಲಿ ಸೀದಾ ಒಳಗೆ ಬತ್ತೀಯಲ್ಲ, ನರ್ಸಮ್ಮ ಅಷ್ಟು ಸಲ ಹೇಳಿ ಹೋದ್ರೂ ಕಿವಿಗೆ ಹೋಗಲ್ವಾ, ನಂಗೆ ವೀಸಿಂಗ್ ಬಂದ್ರೆ ಆಟೋ ಹಿಡ್ಕೊಂಡು ಓಡೋರು ಯಾರು ನಿಮ್ಮಪ್ಪಾನಾ, ಹೋಗು ಆಚೆ."

ಬಚ್ಚಲಿನಿಂದ ಎದುರು ಮನೆಯ ಜಗಲಿಯವರೆಗೆ ಮುಟ್ಟುವಂಥ ಬೈಗುಳ. ನಡುವೆ ಒಂದು ಕಡೆಯೂ ಅವಳು ನಿಲ್ಲಲಿಲ್ಲ, ಹೆಗಲು ಮೇಲೇಳಲಿಲ್ಲ, ಸೀಟಿ ಕೇಳಲಿಲ್ಲ. ಒಂದೇ ಉಸಿರು. ತಾನು ಏನು ಮಾಡಿದೆ ಎಂದು ಅವಳಿಗೇ ಗೊತ್ತಾಗಿರಲಿಲ್ಲ, ಸಿಟ್ಟಿನಲ್ಲಿ ಹೆದರಿಕೆ ಮರೆತಿದ್ದಳು.

ಅತ್ತೆ ಕಾಲನ್ನು ಹಿಂದೆ ತೆಗೆದುಕೊಂಡರು. ಹೊಸ್ತಿಲಿನ ಆಚೆ ಮೆಲ್ಲಗೆ ಕೂತರು. ಅಂಗೈಯ ಗೂಡು ಉರುಳಿ ಎಲ್ಲೋ ಹೋ‌ಯಿತು, ಅವರು ನೋಡಲಿಲ್ಲ. ಹುಳದ ಸದ್ದು ಕೇಳುವಾಗ ಮಾಡುವ ಹಾಗೆ ಕಣ್ಣು ಮುಚ್ಚಿದರು, ಮುಚ್ಚಿದ ಕಣ್ಣಿನಿಂದ ನೀರು ಇಳಿಯುತ್ತಿತ್ತು.

"ಇನ್ನೊಂದ್ಸಲ ಬೈಯವ್ವಾ," ಎಂದರು.